ಗೂಡಿನ ಮೇಲಿನ ಜಾಳಿಗೆ ದೀಪ

"ಇದನ್ನ ಹಚ್ಚಿ ತೋರಸ್ರಿ," ಎಂದಳು ಕೊಟ್ರಬಸಮ್ಮ.

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಗಾದಿಲಿಂಗಪ್ಪ, ತಗಡಿನ ಟೋಪಿ ಹೊತ್ತ ದೀಪವೊಂದನ್ನು ಟೆಸ್ಟ್ ಬೋರ್ಡಿಗೆ ಸಿಕ್ಕಿಸಿ ಹಚ್ಚಿದ. ಎಲ್ಲ ಗಿರಾಕಿಗಳೂ ಇಷ್ಟು ನೋಡಿ, ಕಟ್ಟಿಕೊಡಿ ಎನ್ನುತ್ತಾರೆ.

ಇವಳು ಅನ್ನಲಿಲ್ಲ. ಗಿರಾಕಿಗಳಿಗೆ ಕುಡಿಯಲೆಂದು ಇಟ್ಟಿದ್ದ ಚೊಂಬನ್ನೆತ್ತಿ, ನೀರನ್ನೆಲ್ಲ ಉರಿಯುವ ದೀಪದ ಮೇಲೆ ಸುರಿದುಬಿಟ್ಟಳು.

ಟಪ್ ಎಂದು ಬಲ್ಬು ಒಡೆಯಿತು. ಗಾದಿಲಿಂಗಪ್ಪ ಹಾರಿಬಿದ್ದು ಮೇನ್ ಸ್ವಿಚ್ಚು ಎಳೆದ.

"ತಲಿ ಕೆಟ್ಟೈತೇನ್ರಿ ನಿಮಗ? ಕರೆಂಟ್ ಹೊಡದಿದ್ರ ನಿಮ್ಮ ಮನಿಯವರಿಗೆ ನಾ ಏನ್ ಹೇಳ್ಬೇಕಿತ್ತು?"

"ಮಳಿ ಬರೋವಾಗ ನನ್ನ ಕೇಳಿ ಬರ್ತೈತೇನ್ರಿ?" ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಒಂದು ಚೊಂಬು ನೀರಿಗೆ ಹೋಗೋ ದೀಪ ನನಗ ಬ್ಯಾಡ. ಗಟ್ಟಿದು ಇದ್ರ ತೋರಸ್ರಿ. ಇಲ್ಲಾಂದ್ರ ಪಕ್ಕದ ಅಂಗಡಿಗೆ ಹೋಗ್ತೀನಿ."

ಅವನಿಗೆ ಸಿಟ್ಟು ಬರಬೇಕಿತ್ತು. ಆದರೆ ಬಂದದ್ದು ನಗು. ಪಾಪ, ಆ ಗಳಿಗೆಯಲ್ಲೇ ಅವನ ಕಥೆ ಮುಗಿದಿತ್ತು!

ಕೊಟ್ರಬಸಮ್ಮನ ಬಿರುಸಿಗೆ ಕಾರಣವಿತ್ತು. ಅದು ಎಪ್ಪತ್ತಾರನೆಯ ಇಸವಿ. ಕುರುಗೋಡಿನ ತನ್ನ ಮನೆಯಲ್ಲಿ ಅವಳು ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಹಗಲೆಲ್ಲ ಹತ್ತಿ ಬಿಡಿಸುವ ಹುಡುಗಿಯರು ಸಂಜೆಗೆ ಬಂದು ಕಲಿಯುತ್ತಿದ್ದರು. ಹೋದ ವಾರ ಮನೆಗೆ ಹೊರಟ ಹುಡುಗಿಯೊಬ್ಬಳ ಕೈಯನ್ನು ಕತ್ತಲಲ್ಲಿ ಯಾರೋ ಹಿಡಿದೆಳೆದಿದ್ದರು. ಅವಳು ಕೂಗುತ್ತ ವಾಪಸು ಓಡಿಬಂದಳು. ಮರುದಿನದಿಂದ ಅರ್ಧಕ್ಕರ್ಧ ಹುಡುಗಿಯರು ಬರಲಿಲ್ಲ.

ಅವ್ವ ತೀರಿಹೋದ ಮೇಲೆ ಅಪ್ಪ ಮಗಳಿಬ್ಬರೇ ಇದ್ದ ಆ ಮನೆಯಲ್ಲಿ ಜೀವಕಳೆ ಅಂತ ಇದ್ದದ್ದು ಮಿಷನ್‌ಗಳ ಸದ್ದು ಮಾತ್ರ. ಅದು ನಿಂತರೆ ತಾನೂ ನಿಂತುಹೋಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಗಾದಿಲಿಂಗಪ್ಪ ಒಳಗಿನಿಂದ ಇನ್ನೊಂದು ದೀಪ ತಂದ. ದಪ್ಪ ಗಾಜು, ಅದರ ಮೇಲೆ ಕಬ್ಬಿಣದ ಜಾಳಿಗೆ, ಅಂಚಿಗೆ ರಬ್ಬರಿನ ಪಟ್ಟಿ.

"ಗೋದಾಮಿನ ಗ್ವಾಡಿಗೆ ಹಾಕೋದ್ರಿ ಇದು. ಮಳಿಗೂ ಜಗ್ಗಂಗಿಲ್ಲ, ಕಲ್ಲಿಗೂ ಜಗ್ಗಂಗಿಲ್ಲ. ಈ ಸಲ ನೀರು ನಾನೇ ಹಾಕ್ತೀನಿ, ನೀವು ದೂರ ನಿಲ್ರಿ."

ಚೊಂಬು ಖಾಲಿಯಾಯಿತು. ದೀಪ ಉರಿಯುತ್ತಲೇ ಇತ್ತು. ಅವಳು ಮೊದಲ ಸಲ ನಕ್ಕಳು.

"ಇದನ್ನ ಕೊಡ್ರಿ. ಹಾಕಾಕ ನೀವೇ ಬರ್ರಿ."

ಮರುದಿನ ಬೆಳಿಗ್ಗೆಯೇ ಅವನು ಕುರುಗೋಡಿಗೆ ಬಂದ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು. ಅವ್ವ ದಿನಾ ಸಂಜೆ ಎಣ್ಣೆ ದೀಪ ಇಡುತ್ತಿದ್ದ ಜಾಗ. ಈಗ ಅಪ್ಪ ದೊಡ್ಡಬಸಪ್ಪ ಅಲ್ಲಿ ದೀಪ ಇಡುತ್ತಿದ್ದರು.

"ಆ ಕಂಬಕ್ಕ ಹಾಕಿದ್ರ ಚಲೋರಿ," ಎಂದ ಗಾದಿಲಿಂಗಪ್ಪ, ಅಂಗಳದ ಕಂಬ ತೋರಿಸಿ.

"ಬ್ಯಾಡ. ದೀಪದ ಜಾಗ ಅಂದ್ರ ಇದ. ಗೂಡಿನ ಮ್ಯಾಲ ಹಾಕ್ರಿ."

ಅವನು ಗೂಡಿನ ಹಣತೆಯನ್ನೊಮ್ಮೆ, ಮೇಲಿನ ಗೋಡೆಯನ್ನೊಮ್ಮೆ ನೋಡಿದ. ಗೂಡಿನ ಮೇಲೆಯೇ ಹಾಕಿದ. ಸಂಜೆಗೆ ಓಣಿಯ ತಿರುವಿನ ತನಕ ಬೆಳಕು ಹಬ್ಬಿತು. ವಾರ ಕಳೆಯುವಷ್ಟರಲ್ಲಿ ಹುಡುಗಿಯರೆಲ್ಲ ವಾಪಸು ಬಂದರು.

ಜೊತೆಗೆ ಗಾದಿಲಿಂಗಪ್ಪನೂ ಬರತೊಡಗಿದ.

"ಸಿರುಗುಪ್ಪದ ಮಿಲ್ಲಿಗೆ ಹೊಂಟಿದ್ದೆರಿ. ಹಂಗ ದೀಪ ನೋಡ್ಕೊಂಡು ಹೋಗೋಣಂತ..."

ವಾರಕ್ಕೊಮ್ಮೆ ಬರುವನು. ಏಣಿ ಹತ್ತಿ ಜಾಳಿಗೆ ಬಿಚ್ಚಿ ಏನೋ ಮಾಡುವನು. ಇಳಿದು ಚಹಾ ಕುಡಿದು, ಅಪ್ಪನ ಜೊತೆ ಎರಡು ಮಾತಾಡಿ ಹೋಗುವನು. ಬರಬರುತ್ತ ಅವನು ಬರುವ ದಿನ ಕೊಟ್ರಬಸಮ್ಮ ಒಲೆಯ ಮೇಲೆ ನೀರು ಮೊದಲೇ ಇಡತೊಡಗಿದಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಗೊತ್ತಿತ್ತಲ್ಲ!

ಒಂದು ದಿನ ಎದುರು ಮನೆಯ ಸಾವಂತ್ರಮ್ಮ ಬಂದು ಕಟ್ಟೆಯ ಮೇಲೆ ಕೂತಳು.

"ಏ ಕೊಟ್ರಬಸಮ್ಮ, ಅಷ್ಟು ಗಟ್ಟಿ ದೀಪಕ್ಕ ವಾರಾ ವಾರಾ ರಿಪೇರಿ ಯಾಕವ್ವ?"

"ಯಾಕ, ಏನಾತು?"

"ನನಗೇನಿಲ್ಲ. ಓಣ್ಯಾಗ ಮಂದಿ ಕೇಳಾಕತ್ತಾರ. ಹೆಣ್ಣುಮಕ್ಕಳು ಕಲಿಯೋ ಮನಿ ಇದು. ಇಂಥ ಮಾತು ಬಂದ್ರ ನಾನೂ ಮಗಳನ್ನ ಕಳಸೋದು ಕಷ್ಟ."

ಯಾವ ಕ್ಲಾಸು ಉಳಿಸಲು ದೀಪ ತಂದಳೋ, ಆ ದೀಪವೇ ಈಗ ಕ್ಲಾಸಿಗೆ ಕುತ್ತು ತರುತ್ತಿದೆ! ಅದರ ಹಿಂದೆಯೇ ಇನ್ನೊಂದು ಅನುಮಾನ... ದೀಪ ಒಳಗೇ ಕೆಟ್ಟಿದೆಯೇ? ಅದನ್ನು ಮುಚ್ಚಿಡಲು ಬರುತ್ತಾನೆಯೇ? ನಾನು ಅವನನ್ನು ನಂಬಿದ್ದೆನಲ್ಲ...

ಮುಂದಿನ ಸಲ ಅವನು ಬಂದಾಗ ಚಹಾ ಇರಲಿಲ್ಲ.

"ದೀಪ ಕೆಟ್ಟಿದ್ರ ಬಿಚ್ಚಿ ಒಯ್ಯಿರಿ. ಚಲೋ ಇದ್ರ ಇನ್ನ ಮ್ಯಾಲೆ ಬರಬ್ಯಾಡ್ರಿ."

ಅವನ ಮುಖ ಬಾಡಿತು. "ದೀಪ ಚಲೋ ಐತ್ರಿ," ಎಂದಷ್ಟೇ ಹೇಳಿ ಹೋದ.

ಆಮೇಲೆ ಬರಲಿಲ್ಲ. ಅವಳು ಬರಬೇಡ ಅಂದದ್ದಕ್ಕೇ ಅವನು ಬರಲಿಲ್ಲ. ಆದರೂ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವಳ ಕೈಯ ಹೊಲಿಗೆ ಸೊಟ್ಟ ಹೋಗುತ್ತಿತ್ತು.

ದೀಪದ ಬೆಳಕು ದಿನೇ ದಿನೇ ಮಂಕಾಗುತ್ತ ಬಂತು. ತಿರುವಿನಲ್ಲಿ ಮತ್ತೆ ಕತ್ತಲಾಯಿತು. ಇಬ್ಬರು ಹುಡುಗಿಯರು ಬರುವುದನ್ನು ಬಿಟ್ಟರು.

ಒಂದು ಬೆಳಿಗ್ಗೆ ಹಲ್ಲು ಕಚ್ಚಿ ಅವಳೇ ಏಣಿ ಹತ್ತಿದಳು. ಜಾಳಿಗೆ ಬಿಚ್ಚಿ ಗಾಜಿನ ಮೇಲೆ ಸೆರಗು ಆಡಿಸಿದಳು. ಸೆರಗು ಕಪ್ಪಾಯಿತು.

ಮಸಿ!

ಕೆಳಗೆ ನೋಡಿದಳು. ಗಾಜಿನ ನೇರ ಕೆಳಗೇ ಗೂಡು. ಗೂಡಿನಲ್ಲಿ ಅಪ್ಪ ನಿನ್ನೆ ಸಂಜೆ ಇಟ್ಟ ಹಣತೆ. ಅದರ ಹೊಗೆಯೆಲ್ಲ ಮೇಲೇರಿ ಗಾಜಿಗೆ ಹತ್ತಿತ್ತು. ಒರೆಸಿ, ಇಳಿದು ಸ್ವಿಚ್ಚು ಒತ್ತಿದಳು. ದೀಪ ಹೊಸದರಂತೆ ಉರಿಯಿತು.

ಅಂದರೆ ಅವನು ವಾರವಾರ ಬಂದು ಮಾಡುತ್ತಿದ್ದದ್ದು ಇಷ್ಟೇ. ಒರೆಸುವುದು. 'ಇಲ್ಲಿ ಹಾಕ್ರಿ' ಎಂದು ಹಟ ಹಿಡಿದವಳು ನಾನು. ಒಂದು ಮಾತು ಎದುರಾಡಲಿಲ್ಲ ಅವನು. ನಾನೋ, ಮೋಸಗಾರ ಅಂದುಕೊಂಡೆ...

ಕಣ್ಣು ತುಂಬಿತು. ಕೊಟ್ರಬಸಮ್ಮ ಮಸಿ ಹತ್ತಿದ ಸೀರೆಯಲ್ಲೇ ಬಳ್ಳಾರಿ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅವಳನ್ನು ಕಂಡ ಕೂಡಲೇ ಗಾದಿಲಿಂಗಪ್ಪ ನೀರಿನ ಚೊಂಬನ್ನು ಎತ್ತಿ ಒಳಗಿಟ್ಟ.

"ಮಸಿ ಆಗ್ತೈತಿ ಅಂತ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ? ಗೂಡಿನ ದೀಪ ಬ್ಯಾರೆ ಕಡೆ ಇಡ್ರಿ ಅಂದ್ರ ಆಗ್ತಿತ್ತಲ್ಲ."

"ಅಲ್ಲಿ ನಿಮ್ಮವ್ವ ದೀಪ ಇಡ್ತಿದ್ರು ಅಂತ ನಿಮ್ಮಪ್ಪ ಹೇಳಿದ್ರು. ಅದನ್ನ ಸರಸ್ರಿ ಅನ್ನಾಕ ಬಾಯಿ ಬರಲಿಲ್ಲ. ಮತ್ತ..."

"ಮತ್ತ?"

"ಒರಸೋ ಕೆಲಸ ಇದ್ರ ನಾ ಬರಬೌದಲ್ಲ ಅನ್ನೋ ಆಶಾ ಇತ್ರಿ."

ಅವಳು ಇನ್ನೊಂದು ಮಾತು ಕೇಳದೆ ಬಿಡುವವಳಲ್ಲ.

"ಇಲ್ಲಿಂದ ಸಿರುಗುಪ್ಪಕ್ಕ ಹೋಗೋ ದಾರಿನ ಬ್ಯಾರೆ. ಕುರುಗೋಡು ಸುತ್ತಿ ಯಾರು ಹೋಗ್ತಾರ?"

"ನಾ ಹೋಗ್ತೀನ್ರಿ," ಎಂದ ಅವನು ತಲೆ ತಗ್ಗಿಸಿ.

ಕೊಟ್ರಬಸಮ್ಮ ನೆಟ್ಟಗೆ ನಿಂತಳು. ಮಾತು ಸ್ಪಷ್ಟವಾಗಿ ಬಂತು.

"ಇನ್ನ ಸುತ್ತು ಹಾಕಬ್ಯಾಡ್ರಿ. ನಿಮ್ಮವ್ವನ್ನ ಕರಕೊಂಡು ಬರ್ರಿ. ಸಂಜಿ ದೀಪ ಹಚ್ಚಿದ ಮ್ಯಾಲೆ ಬರ್ರಿ, ಓಣಿಯೆಲ್ಲಾ ನೋಡ್ಲಿ. ಒಂದು ಮಾತು ಮಾತ್ರ ಮೊದಲೇ ಹೇಳ್ತೀನಿ. ಮದುವಿ ಆದ್ರೂ ನನ್ನ ಕ್ಲಾಸು ನಿಲ್ಲಂಗಿಲ್ಲ."

"ಅದು ನಿಂತ್ರ ನಾ ದೀಪ ಹಾಕಿದ್ದಕ್ಕ ಅರ್ಥ ಏನೈತ್ರಿ?"

ಮುಂದಿನ ಸೋಮವಾರ ಸಂಜೆ ತಾಯಿ ಮಗ ಇಬ್ಬರೂ ಬಂದರು. ಮಿಷನ್‌ಗಳ ಸದ್ದು ತಟ್ಟನೆ ನಿಂತಿತು. ಹುಡುಗಿಯರು ಕಿಟಕಿಗೆ ಮುತ್ತಿದರು. ಸಾವಂತ್ರಮ್ಮ ತನ್ನ ಕಟ್ಟೆಯ ಮೇಲೆ ಎದ್ದೇ ನಿಂತಳು.

ದೊಡ್ಡಬಸಪ್ಪ ಎಲ್ಲ ಕೇಳಿ ಮಗಳ ಕಡೆ ತಿರುಗಿದರು.

"ದೀಪ ನೀನ ನೋಡಿ ತಂದಿ, ಗಟ್ಟಿ ಐತಿ. ಇದನ್ನೂ ನೀನ ನೋಡಿಯೇನವ್ವ?"

"ನೋಡೀನಪ್ಪ."

"ಹಂಗಾದ್ರ ನನ್ನದೇನೈತಿ," ಎಂದು ಅವರು ಕಣ್ಣೊರೆಸಿಕೊಂಡು ಸಕ್ಕರೆ ತರಲು ಒಳಗೆ ಹೋದರು.

ಸಾವಂತ್ರಮ್ಮ ಓಣಿ ದಾಟಿ ಬಂದಳು. "ನಾಳಿಂದ ನನ್ನ ಮಗಳ ಜೋಡಿ ತಂಗಿ ಮಗಳನ್ನೂ ಕಳಸ್ತೀನಿ," ಎಂದಳು, ತಾನು ಏನೂ ಅಂದೇ ಇಲ್ಲವೆಂಬಂತೆ.

ಹೊರಡುವಾಗ ಗಾದಿಲಿಂಗಪ್ಪ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡಿದ. ಅವಳಿಗಷ್ಟೇ ಕೇಳುವಂತೆ ಮಾತಾಡಿದ.

"ಗೂಡಿನ ದೀಪ ಅಲ್ಲೇ ಇರ್ಲಿ. ಈ ಜಾಳಿಗಿ ದೀಪಾನ ಕಂಬಕ್ಕ ಸರಸ್ತೀನಿ. ಇನ್ನ ಮಸಿ ಆಗಂಗಿಲ್ಲ."

"ಮಸಿ ಆಗದಿದ್ರ ನೀವು ಮದುವಿ ತನಕ ಬರೋದು ಹೆಂಗ?"

ಅವನು ಗಾಬರಿಯಾಗಿ ನಿಂತ. ಇದನ್ನು ಅವನು ಯೋಚಿಸಿಯೇ ಇರಲಿಲ್ಲ.

ಕೊಟ್ರಬಸಮ್ಮ ಸೆರಗಿನ ಮರೆಯಲ್ಲಿ ನಕ್ಕಳು.

"ಸದ್ಯ ಸರಸಬ್ಯಾಡ್ರಿ," ಎಂದಳು. "ಇಲ್ಲೇ ಇರ್ಲಿ."