ಬಾಲ ಕಳಚಿದ ಸಾಕ್ಷಿ

"ಈ ಬಾಗಿಲಿಗೆ ಇಟ್ಟಿಗೆ ಇಟ್ಟವರು ಯಾರು?"

ಹೂವಿನ ಸಾಹುಕಾರ ಖಾಲಿ ಗೋದಾಮನ್ನು ಕೇಳಿದ.

ನಾನು ಅವನ ಕೋಲ್ಡ್ ರೂಮಿನೊಳಗೆ, ಗುಲಾಬಿ ಬಕೆಟ್ಟುಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಉಸಿರು ಬಿಟ್ಟರೆ ಹೊಗೆ ಕಾಣುವಂಥ ಚಳಿ. ಒಂದು ಪದ್ಯ ಮುಗಿಯುವತನಕ ಉಸಿರು ಹಿಡಿಯುವುದನ್ನು ಅಜ್ಜ ಕಲಿಸಿದ್ದರು. ಮನಸ್ಸಿನಲ್ಲೇ ಮೊದಲ ಸಾಲು ಎತ್ತಿಕೊಂಡೆ...

ಆ ಬಾಗಿಲಿಗೆ ಒಳಗಡೆ ಹಿಡಿಯೇ ಇಲ್ಲ ಸ್ವಾಮಿ. ಕೆಲಸದವರು ಒಳಗೆ ಅಡಗಿ ಕದಿಯುತ್ತಾರೆ ಅಂತ ಸಾಹುಕಾರನೇ ಕೀಳಿಸಿದ್ದ. ಅಂದಿನಿಂದ ಒಳಗೆ ಹೋಗುವವರೆಲ್ಲ ಬಾಗಿಲ ಸಂದಿಗೆ ಒಂದು ಇಟ್ಟಿಗೆ ಇಡುತ್ತಾರೆ.

ನನ್ನ ಪಕ್ಕದಲ್ಲಿ ಹೂವಿನ ಡಬ್ಬ. ಅದರಲ್ಲಿ ಹೂವಿಲ್ಲ. ಮೂವತ್ತು ಕಾಲುಚೀಲ! ಒಂದೊಂದರಲ್ಲೂ ಒಂದು ಹಸಿರು ಹಲ್ಲಿ. ಮೋಡ ಮುಟ್ಟುವ ಬೆಟ್ಟದ ಕುರುಚಲು ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಚಳಿಗೆ ಮರಗಟ್ಟಿ ತೆಪ್ಪಗಿರುತ್ತೆ, ಹೂವಿನ ಜೊತೆ ಗಡಿ ದಾಟಿ ಲಕ್ಷಕ್ಕೆ ಮಾರಾಟವಾಗುತ್ತೆ.

ಅವನ್ನು ಕಾಯುತ್ತಿದ್ದ ಫಾರೆಸ್ಟ್ ಗಾರ್ಡ್ ನನ್ನ ಅಣ್ಣ.

ಸೋಮವಾರ ಬಂಡೆಯ ಕೆಳಗೆ ಹೆಣವಾಗಿ ಸಿಕ್ಕ. 'ಕಾಲು ಜಾರಿದೆ' ಅಂತ ಬರೆದು ಫೈಲ್ ಮುಚ್ಚಿದರು. ಅತ್ತಿಗೆ ಅವನ ಮುಷ್ಟಿ ಬಿಡಿಸಿದಾಗ ಒಳಗಿತ್ತು... ಒಂದು ಹಸಿರು ಬಾಲ!

ಕಂಡವರ ಮನೆ ಪತ್ತೆದಾರಿಕೆ ಮಾಡುವವನು ನಾನು. ನಮ್ಮ ಮನೆಯದನ್ನು ಬಿಡ್ತೀನಾ?

ಈಗಷ್ಟೇ ಒಂದು ಕಾಲುಚೀಲ ಬಿಚ್ಚಿದ್ದೆ. ಅಂಗೈಯಲ್ಲಿ ಮೊಂಡು ಬಾಲದ ಹಲ್ಲಿ. ಗಾಯ ಇನ್ನೂ ಹಸಿ.

"ಏಳೋ ಮೇಲೆ!"

ಪದ್ಯ ಅರ್ಧಕ್ಕೇ ನಿಂತಿತು. ಹಣೆಗೆ ಪಿಸ್ತೂಲು!

"ಗಾರ್ಡ್ ತಮ್ಮ ಅಲ್ವಾ? ಅದೇ ಮೂಗು. ನಿಮ್ಮಣ್ಣ ಹಲ್ಲಿಗೋಸ್ಕರ ಪ್ರಾಣ ಬಿಟ್ಟ, ಪಾಪ!"

"ತಳ್ಳಿದ್ದು ನೀವೇ?"

"ಕಿತ್ತುಕೊಂಡ ಹಲ್ಲಿ ಚೀಲ ವಾಪಸ್ ಕೊಡು ಅಂದೆ. ಕೊಡಲ್ಲ ಅಂದ. ತಳ್ಳಿದೆ. ನೋಡಿದವರ್ಯಾರು?"

"ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ ಸಾಹುಕಾರ್ರೇ. ಇಲ್ಲಿ ಬೇಲಿ ಬೇಕಾಗಿಲ್ಲ..."

ಅಂಗೈ ಬಿಚ್ಚಿದೆ. "ಇದರ ಬಾಲ ನಮ್ಮಣ್ಣನ ಮುಷ್ಟಿಯಲ್ಲಿತ್ತು!"

ಮೊಂಡು ಬಾಲ ನೋಡಿ ಅವನ ಮುಖದ ಬಣ್ಣ ಇಳಿಯಿತು. ಕಸಿಯಲು ಎಡಗೈ ಚಾಚಿದ. ನನ್ನ ಅಂಗೈ ಬಿಸಿಗೆ ಎಚ್ಚೆತ್ತಿದ್ದ ಹಲ್ಲಿ ಅವನ ಬೆರಳು ಕಚ್ಚಿತು!

"ಅಯ್ಯಯ್ಯೋ!"

ಢಂ! ಗುಂಡು ಬಕೆಟ್ಟಿಗೆ. ಬಕೆಟ್ಟು ಅವನ ಕಾಲಿಗೆ. ಅವನು ಗುಲಾಬಿ ಮುಳ್ಳಿನ ಮೇಲೆ ದಬಕ್ಕನೆ ಬಿದ್ದ. ಹಲ್ಲಿ ಜೇಬಿಗೆ, ಡಬ್ಬ ಕಂಕುಳಿಗೆ... ಒಂದೇ ನೆಗೆತಕ್ಕೆ ನಾನು ಆಚೆ! ಇಟ್ಟಿಗೆಗೆ ಒದ್ದೆ.

ಧಡ್!

ಒಳಗೆ ಇನ್ನೆರಡು ಗುಂಡು. ಗೇಣು ದಪ್ಪದ ಬಾಗಿಲು, ಜಪ್ಪಯ್ಯ ಅನ್ನಲಿಲ್ಲ. ಪೊಲೀಸರಿಗೆ ಫೋನ್ ಮಾಡಿದೆ. ಒಂದು ಗಂಟೆ ಆಗುತ್ತೆ ಅಂದರು.

ನಿಧಾನವಾಗಿ ಬನ್ನಿ ಅಂದೆ.

ಅರ್ಧ ಗಂಟೆಗೆ ಸಾಹುಕಾರನ ದನಿ ಕರಗಿತ್ತು.

"ತಮ್ಮಾ... ಕೈಕಾಲು ಮರಗಟ್ತಿದೆ... ನಿನ್ನ ದಮ್ಮಯ್ಯ, ಬಾಗಿಲು ತೆಗಿಯಪ್ಪಾ!"

ಉಳಿದರ್ಧ ಪದ್ಯ ಹೇಳಿ ಮುಗಿಸಿದೆ. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ:

"ಒಂದು ಕಾಲುಚೀಲ ಒಳಗೇ ಬಿಟ್ಟು ಬಂದಿದ್ದೀನಿ, ಹಾಕ್ಕೊಳ್ಳಿ. ಬಾಗಿಲು ತೆಗೆಯಲ್ಲ!"