ಗಾಳಿ ಕೊಡದ ಮಿಷನ್ನು

ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡನದು ರೋಗಿಗಳ ಮಂಚ, ಗಾಲಿಕುರ್ಚಿ, ಉಸಿರಾಟದ ಮಿಷನ್ನು ಇಂಥವನ್ನು ಆನ್‌ಲೈನಿನಲ್ಲಿ ಮಾರುವ ವ್ಯಾಪಾರ.

"ನಮ್ಮನೆಯವರು ರಾತ್ರಿ ಬಂದಿಲ್ಲ ಸಾರ್. ಫೋನ್ ರಿಂಗಾಗುತ್ತೆ, ಎತ್ತಲ್ಲ."

"ಜಗಳ ಏನಾದ್ರೂ ಆಗಿತ್ತಾ?" ಇನ್‌ಸ್ಪೆಕ್ಟರು ಕೇಳಿದರು.

"ನನ್ ಜೊತೇನಾ? ದಿನಾ ಆಗುತ್ತೆ. ಅದಕ್ಕೆಲ್ಲ ಊಟ ಬಿಡೋ ಆಸಾಮಿ ಅಲ್ಲ."

ಹೋಗಿ ನೋಡಿದರೆ ಅಂಗಡಿಯ ಷಟರು ಇಳಿದಿತ್ತು, ಬೀಗ ಇರಲಿಲ್ಲ. ಒಳಗೆ ಮೆಟ್ಟಿಲ ಕೆಳಗೆ ಡಬ್ಬ ಪೇರಿಸುವ ಒಂದು ಗೂಡು. ಆಳು ನೆಟ್ಟಗೆ ನಿಲ್ಲುವ ಹಾಗಿಲ್ಲ. ಅದರ ಬಾಗಿಲಿಗೆ ಹೊರಗಿನಿಂದ ಚಿಲಕ, ಸಂದಿಗೊಂದಿ ಬಿಡದೆ ಸುತ್ತಲೂ ಪಾರ್ಸೆಲ್ ಟೇಪು. ಕಿತ್ತು ತೆಗೆದರೆ ವ್ಯಾಪಾರಿ ಬಾಗಿಲಿಗೆ ಒರಗಿದ್ದವನು ಹೊರಕ್ಕೆ ಉರುಳಿದ. ಉಗುರುಗಳು ನೀಲಿಗಟ್ಟಿದ್ದವು. ಜೀವ ಇದೆಯೋ ಇಲ್ಲವೋ ಎನ್ನುವಷ್ಟು ಇತ್ತು. ಆಂಬ್ಯುಲೆನ್ಸ್ ಹೋದ ಮೇಲೆ ಹೆಂಡತಿಯ ಹೇಳಿಕೆ ಪಡೆದು, ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಿಸಿದರು.

ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಪಂಚನಾಮೆ ಬರೆಸುತ್ತಿದ್ದ ಇನ್‌ಸ್ಪೆಕ್ಟರು ಕಿತ್ತ ಟೇಪಿನ ಮೇಲೆ ಬಗ್ಗಿದರು. ಪ್ರತಿ ಪಟ್ಟಿಯ ತುದಿಯನ್ನೂ ಕಿರುಬೆರಳಗಲ ಒಳಕ್ಕೆ ಮಡಚಲಾಗಿತ್ತು.

"ಉಸಿರು ಕಟ್ಟಿಸೋಕೆ ಬಂದವನಿಗೆ ಬಿಚ್ಚೋರ ಚಿಂತೆ ಯಾಕಯ್ಯಾ?"

"ಅಚ್ಚುಕಟ್ಟಿನ ಮನುಷ್ಯ ಸರ್," ಎಂದ ದಫೇದಾರ.

ಜೊತೆಗೆ ಬಂದಿದ್ದ ಮಹಿಳಾ ಪೇದೆ ಟೇಪಿನ ತುದಿ ಮುಟ್ಟಿ ನೋಡಿದಳು. "ನಮ್ಮತ್ತೆ ಹಾಸಿಗೆ ಹಿಡಿದಾಗ ಪ್ಲಾಸ್ಟರ್ ನಾನೂ ಹೀಗೇ ಹಾಕ್ತಿದ್ದೆ ಸರ್. ಎಳೆಯೋಕೆ ತುದಿ ಸಿಗುತ್ತೆ. ಇಲ್ಲಾಂದ್ರೆ ಕೆರೆದು ಕೆರೆದು ಚರ್ಮಾನೇ ಕಿತ್ತು ಬರುತ್ತೆ."

"ಅಂದ್ರೆ ರೋಗಿ ನೋಡ್ಕೊಂಡ ಕೈ."

"ಬಹಳ ಕಾಲ ನೋಡ್ಕೊಂಡ ಕೈ. ನಾಕು ದಿನಕ್ಕೆ ಈ ಅಭ್ಯಾಸ ಬರಲ್ಲ."

ಗಲ್ಲಾದ ಮೇಲೆ ಉಳಿದಿದ್ದ ವ್ಯಾಪಾರಿಯ ಫೋನಿನಲ್ಲಿ ದೂರು ಹೇಳಿದ ಗಿರಾಕಿಗಳು ಬೇಕಾದಷ್ಟು ಜನ ಇದ್ದರು. ಬಹುಪಾಲು ಬಾಯಿಗೆ ಬಂದದ್ದು ಬೈದು ಕೈಬಿಟ್ಟವರು. ಬೈಯದವನು ಒಬ್ಬನೇ, ಉಸಿರಾಟದ ಮಿಷನ್ನು ಕೊಂಡ ದರ್ಜಿ. 'ಅಣ್ಣಾ, ಮಿಷನ್ ಓಡುತ್ತೆ, ಹಸಿರು ದೀಪಾನೂ ಉರಿಯುತ್ತೆ, ಗಾಳಿ ಬರ್ತಿಲ್ಲ. ಯಾರನ್ನಾದ್ರೂ ಕಳಿಸಿ.' ಅದಕ್ಕೆ ಬಂದ ಉತ್ತರಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಡೆದ ಡಬ್ಬ ವಾಪಸಿಲ್ಲ. ವಿಡಿಯೊ ಕಳಿಸಿ. ವಿಡಿಯೊದಲ್ಲಿ ಗಾಳಿ ಕಾಣುತ್ತಿಲ್ಲ. ಕೊನೆಗೆ: 'ಮಿಷನ್ ಸರಿಯಾಗೇ ಇದೆ, ನಿಮಗೆ ಹಾಕೋಕೆ ಬರಲ್ಲ.'

ಆಮೇಲೆ ದರ್ಜಿಯದು ಒಂದೇ ಸಾಲು. 'ನನ್ನ ಹೆಂಡತಿ ಹೋದಳು. ನನ್ನ ಕೈ ತಪ್ಪಾ, ಮಿಷನ್ ತಪ್ಪಾ, ಅದೊಂದು ಹೇಳಿ ಅಣ್ಣಾ.'

ಅದಕ್ಕೆ ಉತ್ತರ ಹೋಗಿರಲಿಲ್ಲ.

ಮಧ್ಯಾಹ್ನ ಮನೆಗೆ ಹೋದಾಗ ದರ್ಜಿ ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದ. ಕಬ್ಬಿಣದ ಮಂಚದ ಸರಳಿಗೆ ಪ್ಲಾಸ್ಟರ್ ತುಂಡುಗಳು ಸಾಲಾಗಿ ಅಂಟಿಕೊಂಡಿದ್ದವು, ತುದಿ ಮಡಚಿಕೊಂಡು.

"ನಿನ್ನೆ ಸಂಜೆ ಎಲ್ಲಿದ್ರಿ?"

"ಅವರ ಅಂಗಡೀಲಿ. ಕೇಳೋಕೆ ಹೋಗಿದ್ದೆ. ಬೇರೆ ಮಿಷನ್ ಕೊಡ್ತೀನಿ, ತಗೊಂಡು ತೆಪ್ಪಗೆ ಹೋಗು ಅಂತ ಗೂಡಿನೊಳಗೆ ಬಗ್ಗಿದ್ರು. ಇನ್ಯಾರಿಗೆ ಸರ್ ಅದು? ಚಿಲಕ ಹಾಕ್ಬಿಟ್ಟೆ."

"ಟೇಪು?"

"ಗಾಳಿ ಬರ್ತಿಲ್ಲ ಅಂತ ಕೂಗಿದ್ರು. ಬರುತ್ತೆ, ನಿಮಗೆ ಎಳ್ಕೊಳ್ಳೋಕೆ ಬರಲ್ಲ ಅಂದೆ. ಆಮೇಲೆ ಅಂಟಿಸಿದೆ."

ದಫೇದಾರ ಅದನ್ನೂ ಬರೆದುಕೊಂಡ.

"ತೆಗೀಬೇಕು ಅನ್ನಿಸಲಿಲ್ವಾ?"

"ಮಿಷನ್ ಕೆಟ್ಟಿತ್ತು ಅಂತ ಒಂದ್ ಮಾತು ಅಂದಿದ್ರೆ ತೆಗೀತಿದ್ದೆ. ಬಾಗಿಲಿಗೆ ಕಿವಿ ಇಟ್ಟೇ ಕೂತಿದ್ದೆ. ದುಡ್ಡು ಎಷ್ಟು ಬೇಕು, ಎಷ್ಟು ಬೇಕು ಅಂತಲೇ ಕೇಳಿದ್ರು. ಆಮೇಲೆ ಅದೂ ನಿಂತೋಯ್ತು."

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಕೇಳಿಸಿಕೊಂಡು ಇನ್‌ಸ್ಪೆಕ್ಟರು ಅದನ್ನು ಜೇಬಿಗೆ ಹಾಕಿದರು.

"ಅವರು ತೀರ್ಕೊಂಡ್ರು."

"ಅವರ ಮನೇಲಿ ಯಾರಿದಾರೆ?" ದರ್ಜಿ ಕೇಳಿದ.

"ಹೆಂಡತಿ."

ಅವನು ಎದ್ದು ಮಂಚದ ಪಕ್ಕದಲ್ಲಿದ್ದ ಮಿಷನ್ನನ್ನು ಮುಂದಕ್ಕೆ ತಂದಿಟ್ಟ.

ಮಿಷನ್ನನ್ನು ಜಪ್ತಿ ಮಾಡುವ ಮೊದಲು ಅದರ ಸ್ಥಿತಿ ನೋಡಬೇಕಿತ್ತು. ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿ ಸ್ವಿಚ್ ಹಾಕಿದರು. ಮಿಷನ್ನು ಗುಂಯ್ ಎಂದಿತು, ಹಸಿರು ದೀಪ ಹೊತ್ತಿತು. ಇನ್‌ಸ್ಪೆಕ್ಟರು ನಳಿಗೆಯ ಮುಂದೆ ಅಂಗೈ ಒಡ್ಡಿದರು, ಪಂಚರೂ ಒಡ್ಡಿದರು. ಆಮೇಲೆ ಅದರ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ಏನಂತ ಬರೀಲಿ ಸರ್?"

"ಕಂಡದ್ದು ಬರಿ. ಮಿಷನ್ನು ಚಾಲೂ ಇದೆ, ಗಾಳಿ ಬರುತ್ತಿಲ್ಲ."

"ಒಂದ್ಸಲ ಓದಿ ಹೇಳ್ತೀರಾ?" ದರ್ಜಿ ಕೇಳಿದ.

ದಫೇದಾರ ಇನ್‌ಸ್ಪೆಕ್ಟರ ಮುಖ ನೋಡಿ, ಓದಿದ.

ಆ ಕೊನೆಯ ರಾತ್ರಿ ಬೆಳಕು ಹರಿಯುವ ತನಕ ಹೆಂಡತಿಯ ಮೂಗಿಗೆ ಅದೇ ನಳಿಗೆಯನ್ನು ಒತ್ತಿ ಹಿಡಿದು ಕೂತವನು ಅವನು. ಹೀಗೆ ಇಟ್ಟರೆ ಬಂದೀತು, ಹಾಗೆ ಇಟ್ಟರೆ ಬಂದೀತು ಎಂದು ತಿರುಗಿಸಿದ್ದೇ ತಿರುಗಿಸಿದ್ದು. ಆಮೇಲೆ ಸೂಜಿಗೆ ದಾರ ಪೋಣಿಸಲೂ ಆ ಬೆರಳುಗಳನ್ನು ನಂಬಿರಲಿಲ್ಲ.

"ಹಂಗಾದ್ರೆ ಅದು ನನ್ನ ಕೈದಲ್ಲ," ಎಂದ.

"ಅದು ನಿಮ್ಮ ಕೈದಲ್ಲ," ಎಂದರು ಇನ್‌ಸ್ಪೆಕ್ಟರು. "ಇದು ನಿಮ್ಮದೇ."

"ಹೌದು ಸರ್," ಎಂದು ದರ್ಜಿ ರುಜು ಹಾಕಲು ಪೆನ್ನು ಕೇಳಿದ.