ಬಾರ್ಕೂರಿನ ಬಾವಿಕಟ್ಟೆಯಲ್ಲಿ

"ಬೋರ್ ಎಷ್ಟು ಅಡಿಗೆ ಹಾಕ್ಸಿದ್ದೀರಿ ಅಮ್ಮಾ?"

ಕಾಂತರಾಜ್ ಕೇಳಿದ್ದೇ ತಡ, ಬಾರ್ಕೂರಿನ ಆ ಮನೆಯ ಅಜ್ಜಿ ನಕ್ಕುಬಿಟ್ಟರು. "ಬೋರ್ ಎಂತಕ್ಕೆ ಮಾರಾಯ್ರೆ? ಬಾವಿ ಉಂಟಲ್ಲ. ಸೇದಿ, ಎಷ್ಟು ಬೇಕಾದರೂ ಸೇದಿ."

ಸುನಂದ ಬಗ್ಗಿ ನೋಡಿದಳು. ಎರಡಾಳುದ್ದ ಕೆಳಗೇ ನೀರು. ಅದರೊಳಗೆ ತೆಂಗಿನ ಗರಿ, ಆಕಾಶ. ಪಕ್ಕದಲ್ಲಿ ಅವನ ಮುಖವೂ ಬಂದು ಬಗ್ಗಿತು.

"ಇನ್ನಿ ನೀಳ್ಳಾ! ಇಷ್ಟೊಂದು ನೀರಾ!" ಎಂದ. ಬೆರಗಾದರೆ ಅವನ ಬಾಯಿಗೆ ಮನೆಯ ತೆಲುಗೇ ಬರುವುದು.

ಕೋಲಾರ ಜಿಲ್ಲೆಯ ಮೇಷ್ಟ್ರುಗಳ ಕರಾವಳಿ ಪ್ರವಾಸ. ಹಳೇ ರಾಜಧಾನಿಯ ಬಸದಿ, ಕಲ್ಲುಕಂಬ, ಹಿಂದೆ ಹಡಗು ಬರುತ್ತಿದ್ದ ಹೊಳೆ ಎಲ್ಲ ಸುತ್ತಿ ಕಾಲಿಗೆ ಕೆಂಧೂಳು ಮೆತ್ತಿತ್ತು. ಮಿಕ್ಕವರು ಬಸ್ಸಿನ ಹತ್ತಿರ ಎಳನೀರು ಕುಡಿಯುತ್ತಿದ್ದರು.

ಸುನಂದ ಮುಳಬಾಗಿಲಲ್ಲಿ ಸಮಾಜ ಪಾಠ ಹೇಳುವವಳು. ಹೋದ ವಾರ ಮಾಲೂರಿನ ಈ ಡ್ರಾಯಿಂಗ್ ಮೇಷ್ಟ್ರು ಕಾಂತರಾಜ್ ಅವಳನ್ನು ಮದುವೆಗೆ ಕೇಳಿದ್ದ. ಪ್ರವಾಸ ಮುಗಿಯುವುದರೊಳಗೆ ಉತ್ತರ ಹೇಳುತ್ತೇನೆಂದಿದ್ದಳು. ಗಂಡ ತೀರಿಹೋಗಿ ಆರು ವರ್ಷ. ಕನಿಕರಕ್ಕೆ ಕೇಳಿದ್ದರೆ ಮಾತ್ರ ಆ ಬಾಳು ಬೇಡ, ಅದೊಂದೇ ಅಳುಕು.

ಅವನು ಸೇದಿಕೊಟ್ಟ ಒಂದೇ ಚೊಂಬಿನಲ್ಲಿ ಅವಳು ಬಾಳೆಯ ಬುಡದಲ್ಲಿ ನಿಂತು ಎರಡು ಕಾಲೂ ತೊಳೆದಳು. ಅವನೂ ಅರ್ಧ ಚೊಂಬು ಹಿಡಿದು, ನೀರು ಗಿಡಕ್ಕೇ ಸೇರಲೆಂದು ಪಕ್ಕದ ಬಾಳೆ ಹುಡುಕಿಕೊಂಡ.

"ಅಷ್ಟು ನೀರಲ್ಲಿ ಎಂತ ಕಾಲು ತೊಳೆಯುದು! ಒಂದೇ ಊರಿನವರಾ?" ಎಂದರು ಅಜ್ಜಿ.

"ಒಂದೇ ಬರಗಾಲದವರು ಅಜ್ಜಿ," ಎಂದಳು ಸುನಂದ.

ಅಜ್ಜಿ ನಗುತ್ತಾ ಬೆಲ್ಲ ತರಲು ಒಳಗೆ ಹೋದರು. ಯಾರು ಏನು ಎಂದು ಕೇಳದೆಯೇ ಗೇಟು ತೆರೆದಿದ್ದ ಜೀವ. ಸುನಂದಳ ಮನಸ್ಸು ತುಂಬಿ ಬಂತು, ಧೈರ್ಯವೂ ಬಂತು.

"ಸಾರ್, ಪಾಪ ಅಂತ ಕೇಳಿದ್ರಾ ನನ್ನ?"

"ಪಾಪಾನಾ? ಟ್ರೈನಿಂಗಲ್ಲಿ ನನ್ನ ಮ್ಯಾಪಿನ ತಪ್ಪು ಹಿಡಿದು ಎಲ್ಲರೆದುರು ಉಗಿದ್ರಲ್ಲ, ಅವತ್ತೇ ಮನಸ್ಸಾಗಿದ್ದು. ಪಾಪ ಅಂದ್ರೆ ನಾನು ಮೇಡಂ."

"ಪಾಲಾರ್ ನದೀನ ಉಲ್ಟಾ ಹರಿಸಿದ್ರಿ ಕಣ್ರೀ!"

"ಆಮೇಲೆ ಮೂರು ಸಲ ಹೊಸದಾಗಿ ಬರೆದೆ. ಮತ್ತೆ ಬಂದು ಬೈತೀರಾ ಅಂತ ಕಾದೆ. ನೀವು ತಿರುಗಿ ಕೂಡ ನೋಡ್ಲಿಲ್ಲ." ಕಿವಿ ಕೆಂಪಾಗಿ ಅವನು ಬೇರೆಲ್ಲೋ ನೋಡಿದ.

ಸುನಂದ ಹಗ್ಗ ಹಿಡಿದು ತಾನೇ ಒಂದು ಕೊಡ ಸೇದಿದಳು. ತುಂಬಿದ ಕೊಡವನ್ನು ಹಾಗೇ ಅವನ ಇನ್ನೂ ಧೂಳು ಬಿಡದ ಕಾಲಿನ ಮೇಲೆ ಸುರಿದಳು.

"ಅಯ್ಯೋ, ನೀರು!"

"ಇರ್ಲಿ ಬಿಡಿ. ಭಾನುವಾರ ನಮ್ಮನೆಗೆ ಬನ್ನಿ. ಒಬ್ರೇ ಬರಬೇಡಿ, ನಿಮ್ಮಮ್ಮನ್ನ ಕರ್ಕೊಂಡು ಬನ್ನಿ."

"ಅಮ್ಮನ್ನ ಯಾಕೆ..." ಎಂದವನು ಅಲ್ಲೇ ನಿಂತ. ಕಣ್ಣು ಮೆಲ್ಲಗೆ ಅರಳಿತು.

"ಅವರು ಹೂವು ಹಣ್ಣು ತರ್ತಾರೆ," ಎಂದಳು ಸುನಂದ. "ನಿಮ್ಮನ್ನ ನಂಬಿದ್ರೆ ಬರೀ ಕೈಯಲ್ಲಿ ಬರ್ತೀರಿ."